ಎರಡೂ ಕಡೆಯ ಸದ್ದು

(ಉಡುಪಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬಾಯಿಗೆ ಬಂದ ಹಾಗೆ ಹೇಳಿದ್ದನ್ನು ಸ್ವಲ್ಪ ಜೋಡಿಸಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ.

ಒಂದು ಫೋನ್ ಕರೆಯ ವಿಷಯದಿಂದ ಶುರು ಮಾಡುತ್ತೇನೆ. ನಮ್ಮ ಪಕ್ಕದ ಮನೆಯ ಹುಡುಗಿ ಒಬ್ಬಳು ಇಸ್ರೇಲಿನ ಅಷ್ಕೆಲೋನ್ ಎಂಬ ಊರಿನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ಸಮಾಜ ವಿಜ್ಞಾನ ಕಲಿತವಳು. ಹೀಗೆ ಹೋದವರು ನಮ್ಮ ಉಡುಪಿ, ಮಂಗಳೂರು ಕಡೆಯಿಂದ ಸಾವಿರಾರು ಜನ ಇದ್ದಾರೆ. ಇಲ್ಲಿ ಕೂತಿರುವ ನಿಮ್ಮಲ್ಲೇ ಕೆಲವರ ಮಗಳೋ ತಮ್ಮನೋ ಈಗ ಅಲ್ಲಿರಬಹುದು.

ಗಾಜಾ ಯುದ್ಧ ಶುರುವಾದ ಮೇಲೆ, 2023ರ ಕೊನೆಯಲ್ಲಿ ಅವಳು ಫೋನ್ ಮಾಡಿದ್ದಳು. ಗಾಜಾದಿಂದ ರಾಕೆಟ್ ಬರುತ್ತಿದೆ ಎಂದು ಸೈರನ್ ಕೂಗಿದರೆ ಅವರಿಗೆ ಸಿಗುವುದು ಮೂವತ್ತು ಸೆಕೆಂಡ್. ಅಷ್ಟರಲ್ಲಿ ಅಜ್ಜಿಯ ಗಾಲಿಕುರ್ಚಿ ತಳ್ಳಿಕೊಂಡು ‘ಮಮಾಡ್’ ಒಳಗೆ ಹೋಗಬೇಕು. ಮಮಾಡ್ ಅಂದರೆ ಅಲ್ಲಿನ ಮನೆಗಳಲ್ಲಿ ಕಟ್ಟಿರುವ ಗಟ್ಟಿ ಕಾಂಕ್ರೀಟ್ ಕೋಣೆ. ಅವಳು ಹೇಳಿದ್ದು ಇಷ್ಟು: “ಟೀಚರ್, ಸೈರನ್ ಹೇಗೋ ಅಭ್ಯಾಸ ಆಯ್ತು. ಇನ್ನೊಂದು ಸದ್ದು ಅಭ್ಯಾಸ ಆಗುವುದಿಲ್ಲ. ರಾತ್ರಿ ಗಾಜಾದ ಮೇಲೆ ಬಾಂಬ್ ಬೀಳುವಾಗ ನಮ್ಮ ಕಿಟಕಿ ನಡುಗುತ್ತದೆ. ಅಲ್ಲಿಯೂ ಯಾರೋ ಒಬ್ಬಳು ಯಾರದೋ ಅಜ್ಜಿಯನ್ನು ಎತ್ತಿಕೊಂಡು ಓಡುತ್ತಿರುತ್ತಾಳೆ ಅಲ್ವಾ? ಅವರಿಗೆ ಮಮಾಡ್ ಉಂಟಾ?”

ಇಲ್ಲ. ಗಾಜಾದ ಜನರಿಗೆ ಮಮಾಡ್ ಇಲ್ಲ. ನೆಲದ ಕೆಳಗೆ, ಗಾಜಾವನ್ನು ಆಳುತ್ತಿದ್ದ ಸಶಸ್ತ್ರ ಸಂಘಟನೆ ಹಮಾಸ್ ಕಟ್ಟಿಕೊಂಡ ಸುರಂಗಗಳು ಇವೆ. ಅವು ಹಮಾಸ್‌ನ ಬಂದೂಕುಧಾರಿಗಳಿಗೆ. ಅಜ್ಜಿಯಂದಿರಿಗೆ, ಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ.

ಅವಳ ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವಳು ಕೂತ ಜಾಗಕ್ಕೆ ಎರಡೂ ಕಡೆಯ ಸದ್ದು ಕೇಳಿಸುತ್ತಿತ್ತು. ಇಲ್ಲಿ ಟಿವಿ ನೋಡುವ ನಮ್ಮಲ್ಲಿ ಹೆಚ್ಚಿನವರು ಒಂದು ಕಡೆಯ ಸದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತೇವೆ. ಯಾವ ಕಡೆಯದ್ದು ಅನ್ನುವುದು ನಾವು ಯಾವ ಚಾನೆಲ್ ಹಾಕುತ್ತೇವೆ, ಯಾವ ವಾಟ್ಸಾಪ್ ಗುಂಪಿನಲ್ಲಿದ್ದೇವೆ ಅನ್ನುವುದರ ಮೇಲೆ ನಿಂತಿದೆ.

ಗಾಜಾ ಎಷ್ಟು ದೊಡ್ಡದು ಅಂತ ಕೆಲವರು ಕೇಳಿದ್ದಿರಿ. ಒಟ್ಟು 365 ಚದರ ಕಿಲೋಮೀಟರ್. ಉದ್ದ ಸುಮಾರು 41 ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟು ಜಾಗ. ಅದರಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ. ಒಂದು ಕಡೆ ಸಮುದ್ರ, ಉಳಿದ ಕಡೆ ಬೇಲಿ. ಓಡಿ ಹೋಗಲು ಬೇರೆ ಊರು ಅಂತ ಇಲ್ಲ.

ನಮ್ಮ ಪತ್ರಿಕೆಗಳಲ್ಲಿ ಬರುವ ಪದ ‘ಕದನ ವಿರಾಮ’. ಅದನ್ನು ಸ್ವಲ್ಪ ನಿಧಾನವಾಗಿ ಓದಿ. ವಿರಾಮ ಅಂದರೆ ಶಾಲೆಯಲ್ಲಿ ಎರಡು ಪೀರಿಯಡ್ ನಡುವೆ ಸಿಗುವ ಬಿಡುವು. ಬೆಲ್ ಹೊಡೆದರೆ ಮತ್ತೆ ಶುರು. ಗಾಜಾದಲ್ಲಿ ಹಾಗೇ ಆಯಿತು. 2023ರ ನವೆಂಬರ್ 24ರಂದು ಮೊದಲ ಕದನ ವಿರಾಮ ಬಂತು. ಏಳು ದಿನ ಉಳಿಯಿತು. 2025ರ ಜನವರಿ 19ರಂದು ಎರಡನೆಯದು. ಆಗ ಉತ್ತರ ಗಾಜಾದ ಲಕ್ಷಾಂತರ ಜನ ಸಮುದ್ರದ ಬದಿಯ ರಸ್ತೆ ಹಿಡಿದು ನಡೆದೇ ಊರಿಗೆ ಹೊರಟರು. ಹಾಸಿಗೆ, ಪಾತ್ರೆ ತಲೆಯ ಮೇಲೆ, ಮಕ್ಕಳು ಹೆಗಲ ಮೇಲೆ. ತುಂಬಾ ಜನರಿಗೆ ಮನೆ ಇದ್ದ ಜಾಗದಲ್ಲಿ ಕಲ್ಲಿನ ರಾಶಿ ಬಿಟ್ಟರೆ ಏನೂ ಸಿಗಲಿಲ್ಲ. ಆದರೂ ಅದರ ಪಕ್ಕದಲ್ಲೇ ಟಾರ್ಪಾಲು ಕಟ್ಟಿಕೊಂಡರು. ಮಾರ್ಚ್ 18ರ ಬೆಳಗಿನ ಜಾವ, ರಂಜಾನಿನ ಸಹರಿಗೆ ಏಳುವ ಹೊತ್ತಿನಲ್ಲಿ, ಮತ್ತೆ ಬಾಂಬ್ ಬಿತ್ತು. ಆ ಒಂದು ದಿನವೇ ನಾನೂರಕ್ಕೂ ಹೆಚ್ಚು ಜನ ಸತ್ತರು. ಆ ವಿರಾಮ ಬದುಕಿದ್ದು ಎರಡು ತಿಂಗಳಿಗೂ ಕಮ್ಮಿ.

ಮೂರನೆಯದು 2025ರ ಅಕ್ಟೋಬರ್ 10ರಂದು. ಮೂರು ದಿನದ ನಂತರ, ಹಮಾಸ್ ಹಿಡಿದಿಟ್ಟಿದ್ದ ಇಸ್ರೇಲಿನವರಲ್ಲಿ ಬದುಕಿ ಉಳಿದಿದ್ದ 20 ಒತ್ತೆಯಾಳುಗಳು ಮನೆಗೆ ಬಂದರು. ನಾನು ಅದನ್ನು ಟಿವಿಯಲ್ಲಿ ನೋಡುತ್ತಾ ಅತ್ತೆ. ಎರಡು ವರ್ಷದ ಮೇಲೆ ಮಗನನ್ನು ಮುಟ್ಟುವ ತಾಯಿಯನ್ನು ನೋಡಿ ಅಳದೇ ಇರಲು ಆಗುವುದಿಲ್ಲ. ಅದೇ ದಿನ ಪ್ಯಾಲೆಸ್ಟೀನಿ ಕೈದಿಗಳ ಬಸ್ಸುಗಳೂ ಬಂದವು. ಅಲ್ಲಿಯೂ ತಾಯಂದಿರು ಕಾದು ನಿಂತಿದ್ದರು. ಆದರೆ ಈ ವಿರಾಮವೂ ಗಟ್ಟಿಯಾಗಿಲ್ಲ. ಇಸ್ರೇಲಿ ಸೇನೆ ಹಿಂದೆ ಸರಿದು ನಿಂತ ಜಾಗಕ್ಕೆ ‘ಹಳದಿ ಗೆರೆ’ ಅನ್ನುತ್ತಾರೆ. ಆ ಗೆರೆಯ ಆಚೆ ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಸೇನೆಯ ಕೈಯಲ್ಲೇ ಉಳಿಯಿತು. ಒಪ್ಪಂದ ಆದ ಮೇಲೂ ನೂರಾರು ಪ್ಯಾಲೆಸ್ಟೀನಿಯರು ಸತ್ತಿದ್ದಾರೆ, ಇಸ್ರೇಲಿ ಸೈನಿಕರೂ ಸತ್ತಿದ್ದಾರೆ. ಚಳಿಗಾಲದ ಮಳೆಗೆ ಡೇರೆಗಳೊಳಗೆ ನೀರು ನುಗ್ಗಿತು.

ಹಾಗಾದರೆ ವಿರಾಮ ಕೇಳಿ ಏನು ಪ್ರಯೋಜನ ಅಂತ ಅನ್ನಿಸಬಹುದು. ನನ್ನ ಉತ್ತರ ಒಂದೇ ಲೆಕ್ಕದಲ್ಲಿದೆ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಗಾರರು ಸುಮಾರು 1,200 ಜನರನ್ನು ಕೊಂದು, 251 ಜನರನ್ನು ಹಿಡಿದುಕೊಂಡು ಹೋದರು. ಜಗತ್ತಿನ ಬಲಿಷ್ಠ ಸೇನೆಗಳಲ್ಲಿ ಒಂದಾದ ಇಸ್ರೇಲಿ ಸೇನೆ ಎರಡು ವರ್ಷ ಅವರನ್ನು ಹುಡುಕಿತು. ಸೇನೆಯ ಕಾರ್ಯಾಚರಣೆಯಿಂದ ಜೀವಂತವಾಗಿ ಬಿಡುಗಡೆಯಾದವರು ಎಂಟು ಜನ. ಮಾತುಕತೆಯಿಂದ ಜೀವಂತವಾಗಿ ಮನೆಗೆ ಬಂದವರು ನೂರೈವತ್ತಕ್ಕೂ ಹೆಚ್ಚು. ಒತ್ತೆಯಾಳುಗಳ ಮನೆಯವರು ಟೆಲ್ ಅವೀವ್‌ನ ಬೀದಿಯಲ್ಲಿ ನಿಂತು ಎರಡು ವರ್ಷ ಕೂಗಿ ಹೇಳಿದ್ದು ಇದನ್ನೇ: ಒಪ್ಪಂದ ಮಾಡಿಕೊಳ್ಳಿ.

ಆ ಎರಡು ವರ್ಷದಲ್ಲಿ ಗಾಜಾದಲ್ಲಿ ಸತ್ತವರು, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ, 2025ರ ನವೆಂಬರ್ ಮುಗಿಯುವ ಹೊತ್ತಿಗೆ 70,000 ದಾಟಿದ್ದರು. ಅದರಲ್ಲಿ ಮಕ್ಕಳು ಎಷ್ಟೋ ಸಾವಿರ. 2025ರ ಆಗಸ್ಟ್‌ನಲ್ಲಿ ಗಾಜಾ ನಗರದ ಭಾಗದಲ್ಲಿ ಕ್ಷಾಮ ಇದೆ ಎಂದು, ವಿಶ್ವಸಂಸ್ಥೆಯ ಬೆಂಬಲದಿಂದ ಹಸಿವನ್ನು ಅಳೆಯುವ ತಜ್ಞರು ಅಧಿಕೃತವಾಗಿ ಹೇಳಿದರು. ಮಳೆ ಬಾರದೆ ಬಂದ ಕ್ಷಾಮ ಅದಲ್ಲ. ಗಡಿಯ ಆಚೆ ಹಿಟ್ಟು ಹೊತ್ತ ಲಾರಿಗಳು ಸಾಲಾಗಿ ನಿಂತಿದ್ದಾಗ ಬಂದ ಕ್ಷಾಮ.

ನಾನು ಟೀಚರ್ ಆಗಿದ್ದವಳು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳು ಎರಡು ವರ್ಷ ಸರಿಯಾಗಿ ಶಾಲೆಯನ್ನೇ ನೋಡಲಿಲ್ಲ ಅನ್ನುವುದನ್ನು ಓದಿದಾಗ ನನಗೆ ಕಾಣುವುದು ಖಾಲಿ ಬೆಂಚು. ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗುವಿಗೆ ಈಗ ಎಂಟು ವರ್ಷ. ಅಕ್ಷರ ಬರುವುದಿಲ್ಲ. ಡ್ರೋನ್‌ಗಳಲ್ಲಿ ಯಾವುದರ ಸದ್ದು ಯಾವುದು ಅಂತ ಮಾತ್ರ ಗೊತ್ತು.

ಈಗ ಎಲ್ಲರೂ ಎತ್ತುವ ವಾದಕ್ಕೆ ಬರುತ್ತೇನೆ. ಯಾರು ಮೊದಲು ಶುರು ಮಾಡಿದ್ದು? ಕ್ಲಾಸಿನಲ್ಲಿ ಇಬ್ಬರು ಹುಡುಗರು ಜಗಳ ಆಡಿದರೆ ಇಬ್ಬರೂ ಹೇಳುವುದು “ಅವನೇ ಮೊದಲು ಹೊಡೆದದ್ದು” ಅಂತ. ಇಲ್ಲಿಯೂ ಹಾಗೇ. ಒಬ್ಬರು ಅಕ್ಟೋಬರ್ 7 ಅನ್ನುತ್ತಾರೆ. ಇನ್ನೊಬ್ಬರು, ಅದಕ್ಕೂ ಮೊದಲು ಹದಿನಾರು ವರ್ಷ ಗಾಜಾಕ್ಕೆ ಬೀಗ ಹಾಕಿದ್ದಿರಲ್ಲ ಅನ್ನುತ್ತಾರೆ. ಅದಕ್ಕೂ ಮೊದಲು ರಾಕೆಟ್. ಅದಕ್ಕೂ ಮೊದಲು 1967, ಇಸ್ರೇಲ್ ಯುದ್ಧದಲ್ಲಿ ಗಾಜಾವನ್ನೂ ಪಶ್ಚಿಮ ದಂಡೆಯನ್ನೂ ಹಿಡಿದ ವರ್ಷ. ಅದಕ್ಕೂ ಮೊದಲು 1948, ಇಸ್ರೇಲ್ ದೇಶ ಹುಟ್ಟಿದ ವರ್ಷ. ಆ ವರ್ಷ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ಬಿಟ್ಟರು, ಅಥವಾ ಅವರನ್ನು ಓಡಿಸಲಾಯಿತು. ಹೊರಡುವಾಗ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ತಂದಿದ್ದರು, ನಾಲ್ಕು ದಿನದಲ್ಲಿ ವಾಪಸ್ ಬರುತ್ತೇವೆ ಅಂತ. ಆ ಕೀಲಿಕೈಗಳನ್ನು ಮೊಮ್ಮಕ್ಕಳು ಇಂದಿಗೂ ಇಟ್ಟುಕೊಂಡಿದ್ದಾರೆ. ಇನ್ನೂ ಹಿಂದೆ ಹೋದರೆ ಯುರೋಪಿನಲ್ಲಿ 60 ಲಕ್ಷ ಯಹೂದಿಗಳ ಕೊಲೆ. ಉಳಿದವರು ಹಡಗು ಹತ್ತಿ ಬಂದಾಗ ಅವರಿಗೂ ಹೋಗಲು ಬೇರೆ ಊರಿರಲಿಲ್ಲ. 1948ರ ನಂತರ ಅರಬ್ ದೇಶಗಳಿಂದಲೂ ಲಕ್ಷಾಂತರ ಯಹೂದಿಗಳು ಮನೆಮಠ ಬಿಟ್ಟು ಬಂದರು.

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಈ ಇಸವಿಗಳನ್ನು ನಾನೇ ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಬಾಯಿಪಾಠ ಮಾಡಿಸಿದ್ದೇನೆ. ಈಗ ಅನ್ನಿಸುವುದು ಬೇರೆ. ಇಸವಿಯಿಂದ ಇಸವಿಗೆ ಹಿಂದೆ ಹೋಗುತ್ತಾ ಇದ್ದರೆ ಮುಂದೆ ಬರುವ ದಾರಿ ಸಿಗುವುದಿಲ್ಲ. ಅಕ್ಟೋಬರ್ 7ರಂದು ಮನೆಯೊಳಗೆ ನುಗ್ಗಿ ಮುದುಕರನ್ನು, ಮಕ್ಕಳನ್ನು ಕೊಂದದ್ದಕ್ಕೆ ಯಾವ ಹಿಂದಿನ ಇಸವಿಯೂ ಸಮರ್ಥನೆ ಆಗುವುದಿಲ್ಲ. ಇಪ್ಪತ್ತು ಲಕ್ಷ ಜನರ ಮೇಲೆ ಬಾಂಬ್ ಹಾಕಿ, ಅನ್ನ ತಡೆದದ್ದಕ್ಕೆ ಅಕ್ಟೋಬರ್ 7 ಸಮರ್ಥನೆ ಆಗುವುದಿಲ್ಲ. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ಯಾವ ಕಷ್ಟವೂ ಇಲ್ಲ.

ಇದನ್ನು ದೂರದಲ್ಲಿ ಕೂತ ನಾನು ಹೇಳುವುದು ಸುಲಭ. ಆದರೆ ಇದೇ ಮಾತನ್ನು ಎಲ್ಲ ಕಳೆದುಕೊಂಡವರು ಹೇಳಿದ್ದಾರೆ.

ರಾಮಿ ಎಲ್ಹನಾನ್ ಜೆರುಸಲೇಮಿನವರು. ಅವರ ತಂದೆ ನಾಜಿಗಳ ಆಷ್‌ವಿಟ್ಜ್ ಸಾವಿನ ಶಿಬಿರದಿಂದ ಬದುಕಿ ಬಂದವರು. 1997ರ ಸೆಪ್ಟೆಂಬರ್ 4ರಂದು ರಾಮಿಯವರ ಮಗಳು ಸ್ಮದಾರ್ ಗೆಳತಿಯರ ಜೊತೆ ಪೇಟೆಗೆ ಹೋಗಿದ್ದಳು. ಹದಿಮೂರು ವರ್ಷ. ಆತ್ಮಾಹುತಿ ಬಾಂಬ್ ದಾಳಿಯಲ್ಲಿ ಸತ್ತಳು. ಬಸ್ಸಾಮ್ ಅರಾಮಿನ್ ಪ್ಯಾಲೆಸ್ಟೀನಿ. ಹದಿನೇಳನೇ ವಯಸ್ಸಿನಲ್ಲಿ ಇಸ್ರೇಲಿನ ಜೈಲು ಸೇರಿ ಏಳು ವರ್ಷ ಅಲ್ಲಿದ್ದವರು. 2007ರ ಜನವರಿಯಲ್ಲಿ ಅವರ ಹತ್ತು ವರ್ಷದ ಮಗಳು ಅಬೀರ್, ಅನಾತಾ ಊರಿನಲ್ಲಿ ಶಾಲೆಯ ಹತ್ತಿರ ಇದ್ದಾಗ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡು ತಲೆಗೆ ಬಡಿಯಿತು. ಎರಡು ದಿನದ ಮೇಲೆ ಅವಳು ಹೋದಳು. ಗುಂಡು ಹಾರಿಸಿದವರಿಗೆ ಶಿಕ್ಷೆ ಆಗಲಿಲ್ಲ.

ಈ ಇಬ್ಬರು ಅಪ್ಪಂದಿರು ಈಗ ಒಬ್ಬರನ್ನೊಬ್ಬರು ಅಣ್ಣತಮ್ಮ ಎಂದು ಕರೆಯುತ್ತಾರೆ. ‘ಪೇರೆಂಟ್ಸ್ ಸರ್ಕಲ್’ ಎಂಬ ಸಂಘಟನೆಯಲ್ಲಿ ಇಬ್ಬರೂ ಇದ್ದಾರೆ. 1994ರಲ್ಲಿ ಹಮಾಸ್ ಕೈಯಲ್ಲಿ ಮಗನನ್ನು ಕಳೆದುಕೊಂಡ ಇಟ್ಜಾಕ್ ಫ್ರಾಂಕೆಂಥಾಲ್ ಮರುವರ್ಷ ಅದನ್ನು ಕಟ್ಟಿದರು. ಈ ಜಗಳದಲ್ಲಿ ಮಗ, ಮಗಳು, ಅಣ್ಣ, ಅಮ್ಮ ಯಾರನ್ನೋ ಕಳೆದುಕೊಂಡ ಏಳುನೂರಕ್ಕೂ ಹೆಚ್ಚು ಕುಟುಂಬಗಳು ಅದರಲ್ಲಿವೆ. ಇಸ್ರೇಲಿಗಳೂ ಇದ್ದಾರೆ, ಪ್ಯಾಲೆಸ್ಟೀನಿಯರೂ ಇದ್ದಾರೆ. ನಮಗೆ ಹೊಸ ಸದಸ್ಯರು ಬೇಡ ಎಂದು ಅವರು ಹೇಳುತ್ತಾರೆ. ಯಾಕೆ ಅಂತ ನಾನು ವಿವರಿಸಬೇಕಾಗಿಲ್ಲ.

ಬಸ್ಸಾಮ್ ಅವರ ವಿಷಯದಲ್ಲಿ ನನಗೆ ತುಂಬಾ ನಾಟಿದ್ದು ಒಂದು. ಜೈಲಿನಲ್ಲಿದ್ದಾಗ ಯಹೂದಿಗಳ ನರಮೇಧದ ಬಗ್ಗೆ ಒಂದು ಚಿತ್ರ ನೋಡಿ ಅವರು ಕಲಕಿಹೋದರು. ಮಗಳು ಸತ್ತ ಮೇಲೆ ಇಂಗ್ಲೆಂಡಿಗೆ ಹೋಗಿ ಅದೇ ವಿಷಯದಲ್ಲಿ ಎಂ.ಎ. ಮಾಡಿದರು. ತನ್ನ ಮಗಳನ್ನು ಕೊಂದವರ ಅಜ್ಜ ಅಜ್ಜಿಯರಿಗೆ ಏನಾಗಿತ್ತು ಅಂತ ಕೂತು ಓದಿದ ಅಪ್ಪ ಅವರು. ಅಬೀರ್ ಓದುತ್ತಿದ್ದ ಶಾಲೆಯಲ್ಲಿ ಒಂದು ಆಟದ ಮೈದಾನ ಇದೆ. ಅದನ್ನು ಕೈಯಾರೆ ಕಟ್ಟಿಕೊಟ್ಟವರಲ್ಲಿ ಇಸ್ರೇಲಿನ ಮಾಜಿ ಸೈನಿಕರು ಇದ್ದರು.

ವಿವಿಯನ್ ಸಿಲ್ವರ್ ಅವರ ಕಥೆಯನ್ನೂ ಹೇಳಬೇಕು. ಕೆನಡಾದಲ್ಲಿ ಹುಟ್ಟಿ, ಗಾಜಾ ಗಡಿಯ ಬೇರಿ ಎಂಬ ಕಿಬ್ಬುಟ್ಜ್‌ನಲ್ಲಿ, ಅಂದರೆ ಒಟ್ಟಾಗಿ ದುಡಿದು ಬಾಳುವವರ ಹಳ್ಳಿಯಲ್ಲಿ, ಬದುಕಿದವರು. ಗಾಜಾದ ಕ್ಯಾನ್ಸರ್ ರೋಗಿಗಳನ್ನು ಗಡಿಯಿಂದ ತನ್ನ ಕಾರಿನಲ್ಲಿ ಕೂರಿಸಿಕೊಂಡು ಇಸ್ರೇಲಿನ ಆಸ್ಪತ್ರೆಗೆ ಬಿಟ್ಟು ಬರುತ್ತಿದ್ದರು. 2014ರ ಯುದ್ಧದ ನಂತರ ಹುಟ್ಟಿದ ‘ವಿಮೆನ್ ವೇಜ್ ಪೀಸ್’ ಚಳವಳಿಯ ಸ್ಥಾಪಕಿಯರಲ್ಲಿ ಒಬ್ಬರು. 2023ರ ಅಕ್ಟೋಬರ್ 4ರಂದು ಆ ಚಳವಳಿಯ ಇಸ್ರೇಲಿ ಹೆಂಗಸರು, ‘ವಿಮೆನ್ ಆಫ್ ದ ಸನ್’ ಎಂಬ ಪ್ಯಾಲೆಸ್ಟೀನಿ ಹೆಂಗಸರ ಜೊತೆ ಜೆರುಸಲೇಮಿನಲ್ಲೂ ಮೃತ ಸಮುದ್ರದ ದಡದಲ್ಲೂ ಸೇರಿ, ಮಾತುಕತೆಗೆ ಕೂರಿ ಎಂದು ಎರಡೂ ಕಡೆಯ ನಾಯಕರಿಗೆ ಕರೆ ಕೊಟ್ಟರು. ಮೂರು ದಿನ ಆದ ಮೇಲೆ ವಿವಿಯನ್ ತಮ್ಮ ಮನೆಯಲ್ಲೇ ಕೊಲೆಯಾದರು. 74 ವರ್ಷ. ಐದು ವಾರ ಅವರು ಒತ್ತೆಯಾಳು ಅಂತಲೇ ಎಲ್ಲರೂ ನಂಬಿದ್ದರು. ಅವರ ಮಗ ಯೊನಾಟನ್ ಝೈಗನ್ ಆಮೇಲೆ ಕೆಲಸ ಬಿಟ್ಟು, ಅಮ್ಮನ ದಾರಿಯನ್ನೇ ಹಿಡಿದರು.

ಅದೇ ಅಕ್ಟೋಬರ್ 7ರಂದು ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಇಸ್ರೇಲಿ ಮಾವೋಜ್ ಇನೋನ್, ಇಸ್ರೇಲಿ ಜೈಲಿನಿಂದ ಬಂದ ಮೇಲೆ ಸತ್ತ ಅಣ್ಣನನ್ನು ಕಳೆದುಕೊಂಡ ಪ್ಯಾಲೆಸ್ಟೀನಿ ಅಜೀಜ್ ಅಬು ಸಾರಾ, ಇಬ್ಬರೂ ಈಗ ಒಟ್ಟಿಗೆ ಊರೂರು ಸುತ್ತುತ್ತಾರೆ. ಇವರ ಯಾರ ಮನಸ್ಸಿನಲ್ಲೂ ಸಿಟ್ಟಿಲ್ಲ ಅಂತ ಅಂದುಕೊಳ್ಳಬೇಡಿ. ಇದೆ. ಆ ಸಿಟ್ಟನ್ನು ಎದುರಿನವರ ಮಗುವಿನ ಮೇಲೆ ತೀರಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದಾರೆ.

ಇದೆಲ್ಲ ಒಳ್ಳೆಯ ಮನಸ್ಸಿನವರ ಕಥೆ, ರಾಜಕೀಯ ಹಾಗೆ ನಡೆಯುವುದಿಲ್ಲ ಅಂತ ಒಬ್ಬರು ಹಿರಿಯರು ನನಗೆ ಹೇಳಿದ್ದರು. ಹಾಗಾದರೆ ರಾಜಕೀಯವನ್ನೇ ನೋಡೋಣ. ಇಸ್ರೇಲ್ ತಾನು ಹಿಡಿದಿದ್ದ ನೆಲವನ್ನು ಹಿಂದೆಯೂ ಬಿಟ್ಟು ಬಂದಿದೆ. ಅದರಲ್ಲಿ ಎರಡನ್ನು ಪಕ್ಕದಲ್ಲಿ ಇಟ್ಟು ನೋಡಿ.

ಮೊದಲನೆಯದು ಸಿನಾಯ್, 1967ರಲ್ಲಿ ಇಸ್ರೇಲ್ ಈಜಿಪ್ಟಿನಿಂದ ಹಿಡಿದ ಮರುಭೂಮಿ. ಇಸ್ರೇಲ್ ಮತ್ತು ಈಜಿಪ್ಟ್ 1948, 1956, 1967, 1973 ಹೀಗೆ ನಾಲ್ಕು ಯುದ್ಧ ಮಾಡಿದ್ದವು. 1977ರ ನವೆಂಬರ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ವಿಮಾನ ಹತ್ತಿ ಜೆರುಸಲೇಮಿಗೇ ಬಂದು ಇಸ್ರೇಲಿನ ಸಂಸತ್ತಿನಲ್ಲಿ ಮಾತಾಡಿದರು. ಮರುವರ್ಷ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಮಾತುಕತೆ. 1979ರ ಮಾರ್ಚ್ 26ರಂದು ಒಪ್ಪಂದ. 1982ರ ಹೊತ್ತಿಗೆ ಇಸ್ರೇಲ್ ಹೆಚ್ಚುಕಡಿಮೆ ಪೂರ್ತಿ ಸಿನಾಯ್ ಬಿಟ್ಟಿತು. ಯಮೀತ್ ಎಂಬ ತನ್ನದೇ ಊರನ್ನು ಕೆಡವಿತು. ಅದನ್ನು ಮಾಡಿಸಿದ್ದು ಬಲಪಂಥದ ನಾಯಕ ಮೆನಾಖೆಮ್ ಬೆಗಿನ್. ಸಿನಾಯ್‌ನಲ್ಲಿ ನಿಂತ ಬಹುರಾಷ್ಟ್ರೀಯ ವೀಕ್ಷಕರು ಅಲ್ಲಿ ಇನ್ನೂ ಇದ್ದಾರೆ. ಸಾದಾತ್ ಅವರನ್ನು ಅವರ ದೇಶದವರೇ ಕೊಂದರು. ಆದರೂ ಒಪ್ಪಂದ ಮುರಿಯಲಿಲ್ಲ. ಇಷ್ಟು ದೊಡ್ಡ ಗಾಜಾ ಯುದ್ಧದಲ್ಲೂ ಮುರಿಯಲಿಲ್ಲ.

ಎರಡನೆಯದು ಗಾಜಾ, 2005. ಆಗಿನ ಇಸ್ರೇಲಿ ಪ್ರಧಾನಿ ಏರಿಯಲ್ ಶರೋನ್ ಅಲ್ಲಿಂದ ಸುಮಾರು 8,000 ಇಸ್ರೇಲಿ ನಿವಾಸಿಗಳನ್ನು, ಸೇನೆಯನ್ನು ಹೊರಗೆ ತಂದರು. ಆದರೆ ಯಾರ ಜೊತೆಗೂ ಒಪ್ಪಂದ ಮಾಡಿಕೊಳ್ಳಲಿಲ್ಲ. ಆ ಕಡೆ ಮಾತುಕತೆಯನ್ನು ನಂಬುವ ಮಹಮೂದ್ ಅಬ್ಬಾಸ್ ಆಗಷ್ಟೇ ಪ್ಯಾಲೆಸ್ಟೀನಿ ಅಧ್ಯಕ್ಷರಾಗಿ ಗೆದ್ದು ಬಂದಿದ್ದರು. ಅವರ ಕೈಗೆ ಏನೂ ಕೊಡಲಿಲ್ಲ. ನಮ್ಮ ಬಂದೂಕಿಗೆ ಹೆದರಿ ಓಡಿದರು ಎಂದು ಹಮಾಸ್ ಹೇಳಿತು. 2006ರಲ್ಲಿ ಚುನಾವಣೆ ಗೆದ್ದಿತು. 2007ರಲ್ಲಿ ಹೊಡೆದಾಡಿ ಗಾಜಾವನ್ನು ಪೂರ್ತಿ ಹಿಡಿಯಿತು. ಆಮೇಲೆ ದಿಗ್ಬಂಧನ, ರಾಕೆಟ್, ಬಾಂಬ್.

ಕೂತು ಮಾತಾಡಿ ಬಿಟ್ಟ ನೆಲದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷದಿಂದ ಎರಡು ದೇಶಗಳ ನಡುವೆ ಯುದ್ಧ ಆಗಿಲ್ಲ. ಮಾತಾಡದೆ ಬಿಟ್ಟ ನೆಲ ಏನಾಯಿತು ಅಂತ ನೋಡಿದ್ದೇವೆ. ನೆಲ ಬಿಟ್ಟರೆ ಭಯೋತ್ಪಾದನೆ ಬರುತ್ತದೆ ಅನ್ನುವವರು ಗಾಜಾವನ್ನು ಮಾತ್ರ ತೋರಿಸುತ್ತಾರೆ. ಸಿನಾಯ್ ಕಥೆ ಅವರ ಬಾಯಿಗೆ ಬರುವುದಿಲ್ಲ.

ಓಸ್ಲೋ ಒಪ್ಪಂದ ಯಾಕೆ ಬಿದ್ದುಹೋಯಿತು ಅಂತ ಕೇಳುತ್ತೀರಿ. 1993ರಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿ ನಾಯಕ ಅರಾಫತ್ ಶಾಂತಿಗೆ ಒಪ್ಪಿ ಕೈ ಕುಲುಕಿದರು, ಸರಿ. ಕಷ್ಟದ ವಿಷಯಗಳನ್ನೆಲ್ಲ, ಅಂದರೆ ಜೆರುಸಲೇಮ್, ನಿರಾಶ್ರಿತರು, ಗಡಿ, ಪ್ಯಾಲೆಸ್ಟೀನಿ ನೆಲದಲ್ಲಿ ಇಸ್ರೇಲಿಗಳು ಕಟ್ಟಿದ ವಸಾಹತುಗಳನ್ನು, ಆಮೇಲೆ ನೋಡೋಣ ಎಂದು ಬಿಟ್ಟರು. ಆ ‘ಆಮೇಲೆ’ ಒಳಗೆ ಎಲ್ಲ ಕೆಟ್ಟಿತು. 1994ರಲ್ಲಿ ಒಬ್ಬ ಯಹೂದಿ ಉಗ್ರ ಹೆಬ್ರಾನಿನಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಕೊಂದ. ಹಮಾಸ್ ಬಸ್ಸುಗಳಲ್ಲಿ ಬಾಂಬ್ ಇಟ್ಟಿತು. 1995ರ ನವೆಂಬರ್ 4ರಂದು ಶಾಂತಿ ಸಭೆ ಮುಗಿಸಿ ಬರುತ್ತಿದ್ದ ರಾಬಿನ್ ಅವರನ್ನು ಕೊಂದದ್ದು ಒಬ್ಬ ಯಹೂದಿಯೇ. ಆಗ ಪಶ್ಚಿಮ ದಂಡೆಯಲ್ಲಿ ಒಂದು ಲಕ್ಷ ಚಿಲ್ಲರೆ ಇದ್ದ ಇಸ್ರೇಲಿ ವಸಾಹತುಗಾರರು ಇಂದು, ಪೂರ್ವ ಜೆರುಸಲೇಮ್ ಬಿಟ್ಟು, ಐದು ಲಕ್ಷದಷ್ಟಾಗಿದ್ದಾರೆ. ನಾಳೆ ದೇಶ ಕೊಡುತ್ತೇವೆ ಎಂದು ಹೇಳಿ ಇಂದು ಅದೇ ದೇಶದ ಬೆಟ್ಟದ ಮೇಲೆ ಮನೆ ಕಟ್ಟಿದರೆ ಯಾರು ನಂಬುತ್ತಾರೆ?

ಆದ್ದರಿಂದ ಈ ಸಲದ ವಿರಾಮವನ್ನು ಹಾಗೇ ಬಿಡಬಾರದು. ಲಾರಿಗಳು ದಿನಾ ಒಳಗೆ ಹೋಗಬೇಕು, ಎಣಿಸಲು ಹೊರಗಿನವರು ಇರಬೇಕು. ಸೇನೆ ಹಳದಿ ಗೆರೆಯಿಂದಲೂ ಹಿಂದೆ ಸರಿಯಬೇಕು. ಹಮಾಸ್ ಆಯುಧ ಕೆಳಗಿಡಬೇಕು. ಪಶ್ಚಿಮ ದಂಡೆಯಲ್ಲಿ ಹೊಸ ವಸಾಹತು ನಿಲ್ಲಬೇಕು, ಆಲಿವ್ ಕೊಯ್ಯಲು ಹೋದ ರೈತರನ್ನು ಹೊಡೆಯುವುದು ನಿಲ್ಲಬೇಕು. ಅಷ್ಕೆಲೋನಿನ ಅಜ್ಜಿ ಮಮಾಡ್ ಇಲ್ಲದೆ ಮಲಗುವ ಹಾಗಾಗಬೇಕು. ಗಾಜಾದ ಅಜ್ಜಿಗೆ ತನ್ನದು ಅನ್ನುವ ದೇಶ, ಒಂದು ಪಾಸ್‌ಪೋರ್ಟ್ ಬೇಕು. ಇದರಲ್ಲಿ ಒಂದು ಕಡೆಯವರಿಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡರೆ ಮತ್ತೆ ಬೆಲ್ ಹೊಡೆಯುತ್ತದೆ.

ಇದಕ್ಕೂ ನಮಗೂ ಏನು ಸಂಬಂಧ ಅಂತ ಒಬ್ಬ ಹುಡುಗ ಬರುವಾಗಲೇ ಕೇಳಿದ. ಒಳ್ಳೆಯ ಪ್ರಶ್ನೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ತುರ್ಕರಿಂದ ಗೆದ್ದುಕೊಟ್ಟವರಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಆ ನೆಲ ಬ್ರಿಟಿಷರ ಕೈಗೆ ಹೋಗುವುದರಲ್ಲಿ ನಮ್ಮವರ ರಕ್ತವೂ ಸೇರಿದೆ. ಈಗ ನಮ್ಮ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ನಮ್ಮ ದೇಶ 1988ರಲ್ಲೇ ಪ್ಯಾಲೆಸ್ಟೀನ್ ದೇಶವನ್ನು ಒಪ್ಪಿಕೊಂಡಿತು, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರು ಮಾಡಿತು. ಎರಡೂ ಮನೆಯ ಬಾಗಿಲು ತಟ್ಟಬಲ್ಲ ದೇಶಗಳು ಜಗತ್ತಿನಲ್ಲಿ ಜಾಸ್ತಿ ಇಲ್ಲ. ಆದರೆ ವಿಶ್ವಸಂಸ್ಥೆಯಲ್ಲಿ ನಾವು 2023ರ ಡಿಸೆಂಬರ್‌ನಲ್ಲಿ ಕದನ ವಿರಾಮದ ಪರ ಮತ ಹಾಕಿ, 2025ರ ಜೂನ್‌ನಲ್ಲಿ ಮತವನ್ನೇ ಹಾಕದೆ ಕೂತೆವು. ಸೆಪ್ಟೆಂಬರ್‌ನಲ್ಲಿ ಎರಡು ದೇಶಗಳ ಪರಿಹಾರದ ಪರ ಮತ್ತೆ ಮತ ಹಾಕಿದೆವು. ಆ ಜೂನ್ ತಿಂಗಳಲ್ಲಿ ಗಾಜಾದ ಜನ ಹಿಟ್ಟಿಗಾಗಿ ಸಾಲು ನಿಂತು ಸಾಯುತ್ತಿದ್ದರು. ಆ ದಿನ ನಾವು ಸುಮ್ನೆ ಕೂರಬಾರದಿತ್ತು.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪತ್ರ ಇದೆ. ವಿದೇಶಾಂಗ ಸಚಿವಾಲಯಕ್ಕೆ ಮತ್ತು ನಮ್ಮ ಸಂಸದರಿಗೆ ಬರೆದದ್ದು. ಕನ್ನಡದಲ್ಲೇ ಇದೆ, ಒಂದೇ ಪುಟ. ಈ ಕದನ ವಿರಾಮ ಉಳಿಯುವ ಹಾಗೆ, ಮಾತುಕತೆ ಶುರುವಾಗುವ ಹಾಗೆ ಭಾರತ ಬಾಯಿಬಿಟ್ಟು ಕೇಳಬೇಕು ಅನ್ನುವುದೇ ಅದರಲ್ಲಿರುವುದು. ಪೂರ್ತಿ ಓದಿ. ಒಪ್ಪಿಗೆಯಾಗದ ಸಾಲು ಇದ್ದರೆ ನನಗೆ ಹೇಳಿ, ಮಾತಾಡೋಣ. ಒಪ್ಪಿಗೆಯಾದರೆ ಸಹಿ ಮಾಡಿ. ಮೊದಲ ಸಹಿ ಆ ಹುಡುಗಿಯ ಅಮ್ಮನದು. ಇವತ್ತು ಬೆಳಿಗ್ಗೆಯೇ ಬಂದು ಮಾಡಿ ಹೋಗಿದ್ದಾರೆ. ಮಗಳು ರಜೆಯಲ್ಲಿ ಬಂದಿದ್ದಳು, ನಿನ್ನೆ ರಾತ್ರಿ ವಾಪಸ್ ವಿಮಾನ ಹತ್ತಿದಳು.